ಆರತಿ ಮುಗಿಯುವ ಮೊದಲು

ಹುಮನಾಬಾದ,
ಮಂಗಳವಾರ, ೧೩ ಫೆಬ್ರವರಿ ೨೦೨೪

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ಅಪ್ಪನ ಕೆಮ್ಮು? ಹಿತ್ತಲಿನ ಕರಿಬೇವು ಈಗಲೂ ನಮ್ಮ ಸಾರಿಗಿಂತ ಪಕ್ಕದ ಮನೆಯವರ ಸಾರಿಗೇ ಹೆಚ್ಚು ದುಡಿಯುತ್ತಿದೆಯೇ? ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು, ನಿಜ. ಆದರೆ ನಮ್ಮ ಫೋನು ಹೇಗೆಂದು ನಿನಗೇ ಗೊತ್ತು: ‘ಉಂಡ್ಯಾ?’ ಅನ್ನುತ್ತೀ, ‘ಉಂಡೆ’ ಅನ್ನುತ್ತೇನೆ, ಹೊಟ್ಟೆಯಲ್ಲಿರುವುದು ಊಟವಷ್ಟೇ ಅಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ‘ಹಾಲು ಉಕ್ಕಾಕತ್ತದ, ಇಡ್ತೀನಿ’ ಅಂತ ಕಟ್ ಮಾಡುತ್ತೀ. ನಾನು ಬಸಿರೆಂದು ತಿಳಿದ ದಿನದಿಂದ ಬಸವಕಲ್ಯಾಣದಲ್ಲಿ ಅಷ್ಟೊಂದು ಹಾಲು ನಿಜಕ್ಕೂ ಉಕ್ಕಿದ್ದರೆ ತ್ರಿಪುರಾಂತ ಕೆರೆ ಕೋಡಿ ಬೀಳಬೇಕಿತ್ತು. ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ, ಬೇಕಾದರೆ ಹರಿಯಬಹುದು. ಹರಿಯದಿರಲೆಂದೇ ನಿನ್ನ ಅಳಿಯನ ಕೈಯಲ್ಲಿ ಕಳಿಸಿದ್ದೇನೆ. (ಹುಮನಾಬಾದಿನಲ್ಲಿ ನಿಂತು ‘ವೀರಭದ್ರ’ ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತದೆ, ನನ್ನ ಗಂಡ ಮಾತ್ರ ತಿರುಗುವುದಿಲ್ಲ.) ನೀನು ಓದಿ ಮುಗಿಸುವತನಕ ಚಹಾ ಸಹ ಮುಟ್ಟಬಾರದೆಂದು ತಾಕೀತು ಮಾಡಿದ್ದೇನೆ. ಬಡಪಾಯಿಯನ್ನು ಬಹಳ ಹೊತ್ತು ಒಣಗಿಸಬೇಡ.

ನನ್ನ ಸುದ್ದಿಗೆ ಬರುತ್ತೇನೆ. ಹೊಟ್ಟೆ ಚೆನ್ನಾಗಿದೆ, ಕಾಲೇಜಿನ ತರಗತಿಗೆ ನನಗಿಂತ ಮೊದಲು ಅದೇ ಹಾಜರಾಗುತ್ತದೆ. ತಂಟೆಯೆಲ್ಲ ಅದರ ಮೇಲಿನ ಮಹಡಿಯದು. ಮದುವೆಗೆ ಮೊದಲು ಯಾರೊಂದಿಗೂ ಓಡಿಹೋಗದ ನಿನ್ನ ಮಗಳ ಎದೆ, ಬಸಿರಾದ ಮೇಲೆ ವಾರಕ್ಕೊಮ್ಮೆ ಓಡಿಹೋಗುವುದನ್ನು ಕಲಿತಿದೆ. ಸುಮ್ಮನೆ ಕೂತಿರುತ್ತೇನೆ, ಯಾರೋ ಸ್ವಿಚ್ ಒತ್ತಿದಂತೆ ಅದು ಹಾರತೊಡಗುತ್ತದೆ, ಕೈ ತಣ್ಣಗಾಗುತ್ತದೆ, ಕಣ್ಣಂಚು ಕಪ್ಪಾಗುತ್ತದೆ. ಬೀದರಿನ ಡಾಕ್ಟರ್ ಇಶ್ರತ್ ಒಂದು ಪುಟ್ಟ ಮಶೀನನ್ನು ಎದೆಗೆ ಅಂಟಿಸಿ ಇಡೀ ದಿನ ಹಾಗೇ ತಿರುಗಾಡಲು ಹೇಳಿದರು. ಅದರ ವೈರುಗಳನ್ನು ನೋಡಿ ನನ್ನ ಅತ್ತೆ ಕೇಶರಬಾಯಿ, ‘ಇದೇನವಾ, ಕೂಸಿಗಿ ಈಗೇ ಚಾರ್ಜಿಂಗ್ ಹಚ್ಯಾರೇನ?’ ಅಂದರು. ಮಶೀನು ಬಿಚ್ಚಿದ ಮೇಲೆ ಡಾಕ್ಟರು ಹೇಳಿದ್ದು ಇದು: ‘ನಿಮ್ಮ ಎದ್ಯಾಗ ಹುಟ್ಟಿದಾಗಿಂದ ಒಂದ್ ವೈರ್ ಜಾಸ್ತಿ ಅದರಿ. ಕರೆಂಟ್ ತನ್ನ ದಾರಿ ಬಿಟ್ಟು ಅಲ್ಲೇ ಗಿರಕಿ ಹೊಡೀತದ. ಬಸಿರಾಗ ರಕ್ತದ ಓಟ ಜಾಸ್ತಿ, ಅದಕ್ಕ ಇದರ ಆಟಾನೂ ಜಾಸ್ತಿ.’ ಲಯ ತಪ್ಪಿದೆಯೆಂದರು. ಕನ್ನಡ ಪಾಠ ಹೇಳುವವಳ ಮುಂದೆ ಆಡುವ ಮಾತೇ ಅದು? ಲಯವೆಂದರೆ ತಾಳದ ನಡೆಯೂ ಹೌದು, ನಾಶವೂ ಹೌದು. ‘ಎರಡರಾಗ ಯಾವ ಲಯರಿ ಡಾಕ್ಟ್ರೇ?’ ಎಂದು ಕೇಳಿದೆ. ಅವರು ನಗಲಿಲ್ಲ. ಆಗ ನನಗೂ ನಗು ಬರಲಿಲ್ಲ.

ಗುಳಿಗೆ ಕೊಟ್ಟಿದ್ದಾರೆ, ಕೂಸಿಗೆ ಬಾಧಿಸದಂಥದ್ದು, ಹೆದರಬೇಡ. ಎದೆ ಓಡಿದಾಗ ಇದ್ದ ಕೆಲಸ ಬಿಟ್ಟು ಮಲಗಬೇಕು, ಮೂಗು ಬಾಯಿ ಮುಚ್ಚಿ ತಿಣುಕಬೇಕು, ಆಗಲೂ ನಿಲ್ಲದಿದ್ದರೆ ಯಾರ ಮುಲಾಜೂ ನೋಡದೆ ಆಸ್ಪತ್ರೆಗೆ ಓಡಬೇಕು. ಹೋದ ವಾರ ನಿಲ್ಲಲಿಲ್ಲ, ಅವ್ವಾ. ತರಗತಿಯಿಂದಲೇ ಹೊತ್ತೊಯ್ದರು. ರಕ್ತನಾಳಕ್ಕೆ ಒಂದು ಸೂಜಿ ಚುಚ್ಚಿದರು; ಅದು ಎದೆಯನ್ನು ಒಂದು ಕ್ಷಣ ನಿಲ್ಲಿಸಿಬಿಟ್ಟು, ಹೊಸದಾಗಿ ಹೆಜ್ಜೆ ಹಾಕಿಸುತ್ತದಂತೆ. ನಿಂತಿತು. ಒಳಗೆ ಎಲ್ಲ ಖಾಲಿ, ಬಾವಿಗೆ ಬಿಟ್ಟ ಕೊಡ ನೀರು ಮುಟ್ಟುವ ಮೊದಲಿನಷ್ಟು ಖಾಲಿ. ಆಮೇಲೆ ‘ದಡ್’ ಎಂದು ಒಂದು ಬಡಿತ, ಇನ್ನೊಂದು, ಮತ್ತೊಂದು. ಹೊಟ್ಟೆಯ ಮೇಲಿಟ್ಟ ಯಂತ್ರದಲ್ಲಿ ಕೂಸಿನ ಎದೆ ತನ್ನ ಪಾಡಿಗೆ ಟಕಟಕ ನಡೆದೇ ಇತ್ತು, ತಾಯಿಯ ಮನೆಯ ಗಲಾಟೆ ತನಗೆ ಸಂಬಂಧವಿಲ್ಲವೆಂಬಂತೆ. ಎಲ್ಲರೂ ಅದನ್ನು ಕೇಳಿ ನಕ್ಕರು. ನಾನು ಅತ್ತುಬಿಟ್ಟೆ. ಆ ಖಾಲಿಯಲ್ಲಿ ನನಗೆ ಅಕ್ಕ ಸಿಕ್ಕಿದ್ದಳು. ಅವಳಿಗೆ ಆ ಮುಂದಿನ ‘ದಡ್’ ಸಿಗಲಿಲ್ಲ.

ಶಶಿಕಲಾ ಅಕ್ಕನ ಹೆಸರನ್ನು ನಮ್ಮ ಮನೆಯಲ್ಲಿ ಆರು ವರ್ಷದಿಂದ ಯಾರೂ ಎತ್ತಿಲ್ಲ. ಇವತ್ತು ನಾನು ಎತ್ತುತ್ತಿದ್ದೇನೆ, ಬಹಳ ಭಾರವಿದೆ, ನೀನೂ ಒಂದು ಕೈ ಹಚ್ಚು. ಅವಳು ಬಸಿರಾದಾಗ, ಸೀಮಂತಕ್ಕೆಂದು ಚಿಟಗುಪ್ಪದ ಅವಳ ಅತ್ತೆಮನೆಗೆ ನೀನು ಕುಬಸ ಒಯ್ದಿದ್ದೆ. ಹಸಿರು ಸೀರೆ, ಮೊಣಕೈತನಕ ಹಸಿರು ಬಳೆ. ಉಡಿ ತುಂಬಿಯಾಗಿತ್ತು, ಹೆಂಗಸರು ಆರತಿ ಹಾಡು ಹಿಡಿದಿದ್ದರು. ‘ಅವ್ವಾ, ಎದಿ ಹಾರಾಕತ್ತದ, ಏಳ್ತೀನಿ’ ಅಂದಳು. ತುಂಬಿದ ಉಡಿ ಹಿಡಿದವಳು ಆರತಿ ಮುಗಿಯದೆ ಏಳಬಾರದು. ‘ಕೂಸು ಕುಣ್ಯಾಕತ್ತದ ಹುಚ್ಚಿ, ಆರತಿ ಮುಗೀಲಿ, ಕುಂದ್ರು’ ಅಂದೆ ನೀನು. ಅಲ್ಲಿದ್ದ ಯಾವ ತಾಯಿಯಾದರೂ ಅದನ್ನೇ ಅನ್ನುತ್ತಿದ್ದಳು. ಅಕ್ಕ ನಿನ್ನ ಮುಖ ನೋಡಿ ನಕ್ಕು ಕೂತಳು. ಹಾಡು ಉದ್ದವಿತ್ತು. ಉಡಿಯ ಅಕ್ಕಿ ಚಾಪೆಯ ಮೇಲೆ ಚೆಲ್ಲಿದಾಗಲೂ ಹಿಂದಿನ ಸಾಲಿನವರು ಹಾಡುತ್ತಲೇ ಇದ್ದರು. ಗಾಡಿ ಬೀದರ ಮುಟ್ಟುವ ಮೊದಲೇ ಅವಳೂ ಇರಲಿಲ್ಲ, ಕೂಸೂ ಇರಲಿಲ್ಲ.

ಅಂದು ಆಕೆ ಎದ್ದಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರರನ್ನು ಕೇಳಿದೆ. ‘ಅದನ್ನ ಹೇಳಾಕ ಬರಂಗಿಲ್ರಿ’ ಅಂದರು. ಉಳಿಯುತ್ತಿರಲಿಲ್ಲವಂತೆ ಎಂದು ನಿನಗೆ ಬರೆದುಬಿಡಬಹುದಿತ್ತು. ಸುಳ್ಳಿನಲ್ಲಿ ನಾನು ಪದವೀಧರೆಯೆಂದು ನೀನೇ ಅನ್ನುತ್ತಿದ್ದೆ. ಬರೆಯಲಾರೆ. ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ: ಬಹುಶಃ ಅವಳ ಎದೆಯಲ್ಲೂ ಇದೇ ವೈರು ಇತ್ತು. ಅದನ್ನು ಇಟ್ಟದ್ದು ನೀನಲ್ಲ, ನಿನ್ನ ಹಸಿರು ಸೀರೆಯಲ್ಲ, ಆರತಿಯೂ ಅಲ್ಲ. ‘ನನ್ನ ಕೈ ಸುಟ್ಟದ, ಇನ್ನೊಬ್ಬಾಕಿ ಉಡಿ ಮುಟ್ಟಂಗಿಲ್ಲ’ ಎಂದು ಅಪ್ಪನ ಮುಂದೆ ಅಂದೆಯಂತೆ. ಆ ಕೈಯಲ್ಲೇ ನಾನು ಉಂಡು ಬೆಳೆದದ್ದು. ಎಂದೂ ಸುಟ್ಟ ವಾಸನೆ ಬಂದಿಲ್ಲ. ನಿನ್ನ ರೊಟ್ಟಿಯದು ಬಂದಿರಬಹುದು.

ಅಪ್ಪನಿಗೆ ನಮಸ್ಕಾರ ತಿಳಿಸು, ಬೀಡಿ ಬಿಡಲು ಹೇಳು. ಅತ್ತೆ ನಿನ್ನನ್ನು ನೆನೆಸಿದ್ದಾರೆ. ಹೊಟ್ಟೆಯಲ್ಲಿರುವುದು ಅಜ್ಜಿಗೆ ಒದ್ದು ನಮಸ್ಕಾರ ಹೇಳಿದೆ. ಅದಕ್ಕೆ ಸದ್ಯ ಬರುವ ವಿದ್ಯೆ ಅದೊಂದೇ.

ನಿನ್ನ ಉಳಿದ ಮಗಳು,
ಅನುರಾಧಾ

ಮತ್ತೆ ಬರೆದದ್ದು: ಗಾಡಿ ಹೊರಡುವ ಅವಸರ, ಮುಖ್ಯವಾದದ್ದೇ ಉಳಿಯಿತು. ಬರುವ ಸೋಮವಾರ ಇಲ್ಲೇ ನನ್ನ ಕುಬಸ. ಅತ್ತೆ ಆರತಿ ಹಾಡನ್ನು ಒಂದೇ ನುಡಿಗೆ ಇಳಿಸಿದ್ದಾರೆ. ಆದರೂ ಎದೆ ಹಾರಿತೆಂದರೆ ‘ಆತು ತಗೋ, ಮುಗೀತು, ಕುಂದ್ರು’ ಅನ್ನುವವರೇ ಎಲ್ಲರೂ, ಪ್ರೀತಿಯಿಂದಲೇ ಅನ್ನುತ್ತಾರೆ. ನನಗೆ ನನ್ನದೇ ಹೆದರಿಕೆ. ಅಷ್ಟು ಜನರ ಮುಂದೆ ನಾಚಿ, ಅಕ್ಕನಂತೆ ನಕ್ಕು ಕೂತುಬಿಟ್ಟೇನು. ಸೀರೆ ನಾನೇ ತಂದಿಟ್ಟಿದ್ದೇನೆ, ಉಡಿಯನ್ನು ಬೇಕಾದರೆ ಬೇರೆಯವರು ತುಂಬಲಿ. ವೀರಭದ್ರರಿಗೆ ಚಹಾ ಕೊಟ್ಟು, ಅವರ ಜೊತೆಗೇ ಬರಿಗೈಯಲ್ಲಿ ಬಂದುಬಿಡು. ಬಾಗಿಲ ಹತ್ತಿರ, ನನ್ನೆದುರಿಗೆ, ನಿನಗೆ ಮಣೆ ಹಾಕಿರುತ್ತೇನೆ. ನನ್ನ ಕೈ ಎದೆಗೆ ಹೋದರೆ ಆರತಿ ತಟ್ಟೆ ದೂಡಿಯಾದರೂ ‘ಏಳು’ ಅನ್ನುವವಳು ಒಬ್ಬಳು ಆ ಕೋಣೆಯಲ್ಲಿ ಇರಬೇಕು. ನಿನ್ನನ್ನು ಬಿಟ್ಟರೆ ನನಗೆ ಯಾರ ಮೇಲೂ ಆ ಭರವಸೆಯಿಲ್ಲ.