ಮೆಕ್‌ನಲ್ಟಿಗಳ ನವೆಂಬರ್ ಪಟ್ಟಿ

ಅಕ್ಟೋಬರ್ 4, ಶನಿವಾರ

ಮೂರನೇ ವಾರವೂ ಅದೇ ಬಸ್ಸು, ಅದೇ ಕಿಟಕಿ ಸೀಟು. ಕಾಲೇಜಿರುವ ಗಾಲ್‌ವೇಯಿಂದ ಅಪ್ಪನ ಮನೆತನದ ಈ ಐರಿಷ್ ಹಳ್ಳಿಗೆ ಎರಡು ಗಂಟೆ. ಚಿಕ್ಕಜ್ಜ ಫೆಸ್ಟಿ ಗೇಟಿನ ಹತ್ತಿರವೇ ನಿಂತಿದ್ದರು. ಸ್ವಾಗತಕ್ಕೋ ಕಾವಲಿಗೋ ಗೊತ್ತಾಗಲಿಲ್ಲ. ಅಪ್ಪನ ಚಿಕ್ಕಪ್ಪ. ಎಂಬತ್ತಮೂರು. ಕಣ್ಣು ಮಂಜು. ನಾನು ನೋಟ್‌ಬುಕ್ ತೆಗೆದರೆ ಮಾತ್ರ ಹೇಗೋ ಕಾಣುತ್ತದೆ.

"ನಮ್ಮ ಹೆಸರು ಕಟ್ಕೊಂಡು ಕಾಲೇಜಿನವರಿಗೆ ಏನಾಗ್ಬೇಕಂತೆ?"

"ಪ್ರಾಜೆಕ್ಟ್, ಚಿಕ್ಕಜ್ಜ. ಫಸ್ಟ್ ಇಯರ್‌ನವರೆಲ್ಲ ಅವರವರ ಮನೆತನದ ಹೆಸರು ಎಲ್ಲಿಂದ ಬಂತು ಅಂತ ಬರೀಬೇಕು."

"ಹೆಸರು ಎಲ್ಲಿಂದ ಬಂತು ಅಂತ ಶುರು ಮಾಡ್ತಾರೆ. ಆಮೇಲೆ ಹೊಲ ಎಲ್ಲೀವರೆಗಿದೆ ಅಂತಾರೆ."

ಪ್ರಾಜೆಕ್ಟ್ ನೆಪ. ಇಲ್ಲಿ ಬರೆದುಕೊಳ್ಳಬಹುದು. ಅಪ್ಪ ಮಾರ್ಚ್‌ನಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ದಹನ. ಇಪ್ಪತ್ತು ನಿಮಿಷ, ಹನ್ನೊಂದು ಜನ. ಚಿಕ್ಕಜ್ಜ ಬರಲಿಲ್ಲ, ಒಂದು ಕಾರ್ಡೂ ಕಳಿಸಲಿಲ್ಲ. ಅವರಿಗೆ ಪತ್ರ ಬರೆದಿದ್ದೇನೆ ಅಂದಿದ್ದಳು ಅಮ್ಮ.

ಇಲ್ಲಿ ನವೆಂಬರಿನಲ್ಲಿ ಪ್ರತಿ ಮನೆಯವರೂ ತಮ್ಮ ಸತ್ತವರ ಪಟ್ಟಿ ಬರೆದು ಚರ್ಚಿನ ಪೀಠದ ಮೇಲಿಡುತ್ತಾರೆ. ತಿಂಗಳೆಲ್ಲ ಅವರಿಗಾಗಿ ಪ್ರಾರ್ಥನೆ. ಅದರಲ್ಲಿ ಅಪ್ಪನ ಹೆಸರಿರಬೇಕು. ಬೇಕಾಗಿರುವುದು ಅಷ್ಟೇ. ಆದರೆ ಕೇಳಲಾರೆ... ಏಳು ವರ್ಷ ಇಂಗ್ಲೆಂಡಿನ ಹಾಸ್ಟೆಲ್ ಶಾಲೆಯಲ್ಲಿ ಕಲಿತದ್ದು ಇದೊಂದೇ — ಬೇಕು ಅಂತ ಬಾಯಿ ಬಿಟ್ಟರೆ ಸಿಗುವುದಿಲ್ಲ.

ಅಕ್ಟೋಬರ್ 11, ಶನಿವಾರ

ಪಕ್ಕದ ಮನೆ ಡೀಲಿಯಾ ಸೋಡಾ ಬ್ರೆಡ್ ತಂದರು. ಬ್ರೆಡ್ಡಿಗಿಂತ ನನ್ನನ್ನು ನೋಡಲು ಬಂದದ್ದು.

"ಈ ಮೂಗು ಮೆಕ್‌ನಲ್ಟಿಗಳದಲ್ಲ, ಫೆಸ್ಟಿ. ಆ ಕಡೇದು." ಆ ಕಡೆ ಅಂದರೆ ಅಮ್ಮ. ಇಂಗ್ಲೆಂಡ್.

"ಕಿವಿ ನಮ್ದೇ ಕಣೇ. ಒಂದು ಮಾತೂ ಕೆಳಗೆ ಬೀಳಕ್ಕೆ ಬಿಡಲ್ಲ."

ಲೈಬ್ರರಿಯಲ್ಲಿ ಸಿಕ್ಕಿದ್ದನ್ನು ಹೇಳಿದೆ — ನಮ್ಮ ಹೆಸರಿನ ಅರ್ಥ ಅಲ್ಸ್ಟರ್‌ನವನ ಮಗ, ಉತ್ತರದವನು. ಡೀಲಿಯಾ ನಕ್ಕರು. "ಅದನ್ನ ಓದಿ ತಿಳ್ಕೋಬೇಕಾ? ಇವರು ಇಲ್ಲಿಗೆ ಬಂದು ಇನ್ನೂರು ವರ್ಷ ಆಯ್ತು, ಇನ್ನೂ ಹೊರಗಿನವರೇ."

"ಉತ್ತರದ ಆರ್ಮಾದಲ್ಲಿ ನಮ್ಮ ಮನೆಗೆ ಬೆಂಕಿ ಇಟ್ರು. ನಡ್ಕೊಂಡೇ ಬಂದ್ವಿ," ಅಂದರು ಚಿಕ್ಕಜ್ಜ. ಹೋದ ವಾರ ಬಂದವರ ಹಾಗೆ.

ನಾನು ಟೀ ಹಿಡಿದು ಒಳಗೆ ಬಂದಾಗ ಚಿಕ್ಕಜ್ಜ ಏನೋ ಕಾಗದಗಳನ್ನು ಡ್ರಾಯರಿಗೆ ತುರುಕಿ ಬೀಗ ಹಾಕಿದರು. ನನ್ನಿಂದ ಮುಚ್ಚಿಡುವಂಥದ್ದೇನು?

ಅಕ್ಟೋಬರ್ 25, ಶನಿವಾರ, ರಾತ್ರಿ ಬಸ್ಸಿನಲ್ಲಿ

ಹೋಗಲೇಬಾರದಿತ್ತು.

ಅಡುಗೆಮನೆ ಕಿಟಕಿಯಿಂದ ಸುಮ್ಮನೆ ಕೆಳಗಿನ ಹೊಲ ನೋಡುತ್ತಿದ್ದೆ. ಹಿಂದಿನಿಂದ ಅವರ ದನಿ. "ಹೊಲ ಬೇಕಿದ್ರೆ ನಿಮ್ಮಪ್ಪ ಡೆಕ್ಲನ್ನೇ ಬಂದು ಕೇಳ್ಲಿ. ಮಗಳನ್ನ ಪತ್ತೇದಾರಿಗೆ ಕಳಿಸೋದಲ್ಲ."

ಸತ್ತವರ ಮೇಲೆ ಇಂಥ ಮಾತು! ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು ಅತ್ತೆ. ಆ ಹೊಲದ ವಿಷಯಕ್ಕೆ ಅಪ್ಪ ಇವರೊಡನೆ ಮಾತು ಬಿಟ್ಟು ಒಂಬತ್ತು ವರ್ಷ. ಅಪ್ಪ ಸತ್ತ ಮೇಲೂ ಇವರ ಸಿಟ್ಟು ಇಳಿದಿಲ್ಲ. ಪಟ್ಟಿಯಲ್ಲಿ ಸೇರಿಸುವುದಿಲ್ಲ. ಖಾತ್ರಿ.

ನವೆಂಬರ್ 1, ಶನಿವಾರ

ಹೋದೆ. ಫೋನ್ ಮಾಡಿ ಕರೆದರು — ಕಣ್ಣು ಕಾಣುವುದಿಲ್ಲ, ಪಟ್ಟಿ ನೀನೇ ಬರಿ, ಅಂತ.

ಡ್ರಾಯರ್ ತೆಗೆದರು. ಒಳಗೆ ಹಿಂದಿನ ವರ್ಷಗಳ ಪಟ್ಟಿಗಳು, ಅವರಪ್ಪನ ಕಾಲದವೂ. ಆದರೆ ಅವು ಬೇಕಾಗಲೇ ಇಲ್ಲ. ಎಲ್ಲ ಬಾಯಲ್ಲೇ ಇತ್ತು.

"ಬ್ರಯನ್, ಆರ್ಮಾದಿಂದ ಮಗ್ಗ ಹೊತ್ಕೊಂಡು ಬಂದೋನು. ಅವನ ಹೆಂಡತಿ ಸಿಸಿಲಿ, ದಾರೀಲೇ ಹೋದ್ಲು. ಓವನ್, ಬರಗಾಲದ ವರ್ಷ ಕ್ವಿಬೆಕ್‌ಗೆ ಹಡಗು ಹತ್ತಿ ದಡ ಸೇರಲಿಲ್ಲ. ಆನರ್, ಸ್ಕಾಟ್ಲೆಂಡಿಗೆ ಆಲೂಗಡ್ಡೆ ಕೀಳಕ್ಕೆ ಹೋಗಿದ್ಲು, ಹದಿನಾರು ವರ್ಷ..."

ಒಂದು ತಿಂಗಳು ಲೈಬ್ರರಿಯಲ್ಲಿ ಕೂತು ನನಗೆ ಸಿಕ್ಕಿದ್ದು ಎರಡು ಹೆಸರು. ಇಲ್ಲಿ ಇಪ್ಪತ್ತೊಂಬತ್ತು. ಕೊನೆಗೆ ಇವರಣ್ಣ, ನನ್ನಜ್ಜ ಮಾರ್ಟಿನ್, ಲೀಡ್ಸ್‌ನಲ್ಲಿ ಹೋದವರು.

"ಆಯ್ತು. ಕವರಿಗೆ ಹಾಕು."

ಪೆನ್ನು ಕೆಳಗಿಡಲಾಗಲಿಲ್ಲ. "ಒಬ್ಬರನ್ನ ಬಿಟ್ರಿ. ಬೇಕಂತಲೇ."

"ಯಾರನ್ನ?"

ಆ ದನಿಯಲ್ಲಿ ಕಪಟವಿರಲಿಲ್ಲ. ಅದಕ್ಕೇ ಭಯವಾಯಿತು.

"ಒಬ್ಬರನ್ನೂ ಬಿಟ್ಟಿಲ್ಲ ಮಗೂ. ನೋಡು, ಅವತ್ತು ಸಿಟ್ಟಲ್ಲಿ ಏನೋ ಅಂದೆ. ಹೊಲ ಡೆಕ್ಲನ್ ಹೆಸರಿಗೇ ಬರೆದಿಟ್ಟಿದೀನಿ. ಕ್ರಿಸ್‌ಮಸ್‌ಗೆ ಬರಕ್ಕೆ ಹೇಳು."

ಅಂಗಳಕ್ಕೆ ಓಡಿ ಅಮ್ಮನಿಗೆ ಫೋನ್ ಮಾಡಿದೆ. ಚಿಕ್ಕಜ್ಜನಿಗೆ ಪತ್ರ ಕಳಿಸಿದ್ಯಾ ಅಂತ ಕೇಳಿದೆ. "ಬರೆದೆ, ಡಾರ್ಲಿಂಗ್. ಪೋಸ್ಟ್ ಮಾಡಕ್ಕಾಗ್ಲಿಲ್ಲ."

ಡೀಲಿಯಾ ಗೋಡೆಯಾಚೆ ಎಲ್ಲ ಕೇಳಿಸಿಕೊಂಡಿದ್ದರು. ಶಿಲುಬೆಯ ಗುರುತು ಮಾಡಿಕೊಂಡರು. "ಸತ್ತವರ ಹೆಸರನ್ನ ದಿನಾ ಬೆಳಗ್ಗೆ ರೇಡಿಯೋದಲ್ಲಿ ಓದ್ತಾರಲ್ಲೇ. ಫೆಸ್ಟಿ ಒಂದಿನಾನೂ ತಪ್ಪಿಸಲ್ಲ. ನಮ್ಮೋರು ಆಸ್ಟ್ರೇಲಿಯಾದಲ್ಲಿ ಸತ್ರೂ ಅದ್ರಲ್ಲಿ ಬರುತ್ತೆ. ಒಂದು ಮಾತು ಹೇಳಿ ಕಳಿಸಬಾರದಿತ್ತಾ?"

ಹಾಗೊಂದಿದೆ ಅಂತಲೇ ನಮಗೆ ಗೊತ್ತಿರಲಿಲ್ಲ.

"ಫೆಸ್ಟಿಗೆ ನಾನು ಹೇಳಲ್ಲಮ್ಮ," ಅಂದರು. "ಅದು ನೀನೇ ಹೇಳ್ಬೇಕು."

ಹೇಳಲಿಲ್ಲ. ಇಲ್ಲೇ ಉಳಿದೆ.

ನವೆಂಬರ್ 2, ಭಾನುವಾರ, ಬೆಳಗ್ಗೆ 9:40

ಹನ್ನೊಂದಕ್ಕೆ ಚರ್ಚು. ಕವರ್ ಇನ್ನೂ ಅಂಟಿಸಿಲ್ಲ. ಕಳ್ಳತನದಲ್ಲಿ ಕೊನೆಗೊಂದು ಸಾಲು ಸೇರಿಸಬಹುದು, ಅವರಿಗೆ ಕಾಣುವುದೂ ಇಲ್ಲ. ಬೇಡ. ಆ ಹೆಸರನ್ನೂ ಅವರೇ ಹೇಳಬೇಕು, ನಾನು ಬರೆಯಬೇಕು.

ಚಿಕ್ಕಜ್ಜ ಕೋಟು ತೊಟ್ಟು ಬಂದರು. ಗಲ್ಲದ ಮೇಲೆ ಸೋಪಿನ ನೊರೆ ಸ್ವಲ್ಪ ಹಾಗೇ ಇದೆ. ಎದುರಿನ ಕುರ್ಚಿ ಎಳೆದುಕೊಂಡರು.

"ನಿನ್ನೆ ಅಂಗಳದಲ್ಲಿ ನಿಂತು ಅಪ್ಪನಿಗೇ ಫೋನ್ ಮಾಡಿದ್ದಲ್ವಾ? ಏನಂದ? ಬರ್ತಾನಾ?"

ಬಗ್ಗಿ ಬರೆಯುತ್ತಲೇ ಇದ್ದೇನೆ. ಕಾಯುತ್ತಿದ್ದಾರೆ. ಪೆನ್ನಿನ ಸದ್ದು ಅವರಿಗೂ ಕೇಳಿಸುತ್ತಿದೆ. ಇದನ್ನು ಮುಚ್ಚಿ, ಅವರ ಕೈ ಹಿಡಿದು —