ಫೋನು ಕೊಟ್ಟ ಸೊನ್ನೆ

ಸೇಡಂ
೧೭ ನವೆಂಬರ್ ೨೦೨೫, ಸೋಮವಾರ

ಮುದ್ದಿನ ಪದ್ಮಜಾ,

ಅಜ್ಜಿಯ ತುಂಬು ಆಶೀರ್ವಾದ. ಕೆಮ್ಮು ಹೇಗಿದೆ? ಶಹಾಬಾದಿನ ಕಲ್ಲಿನ ಧೂಳು ನಿನಗೆ ಆಗಿಬರುವುದಿಲ್ಲ ಎಂದು ಗೊತ್ತಿದ್ದೂ ಸಿಟ್ಟು ಮಾಡಿಕೊಂಡು ಅಲ್ಲಿಗೇ ಹೋಗಿ ಕುಳಿತಿದ್ದೀಯ. ರಾತ್ರಿ ಅರಿಶಿನ ಹಾಕಿದ ಬಿಸಿ ಹಾಲು ಕುಡಿ, ರಘುವೀರ ಮಾಮಾನ ಮನೆಯಲ್ಲಿ ಸಂಕೋಚ ಬೇಡ. ನೀನು ಫೋನು ಬಂದ್ ಮಾಡಿಟ್ಟಿದ್ದರಿಂದ ಈ ಕಾಗದ ಬರೆಯಬೇಕಾಯಿತು. ನಿನ್ನ ಗೆಳತಿ ಲುಂಬಿನಿ ವಾಡಿಯಲ್ಲಿ ಗಾಡಿ ಬದಲಿಸಿ ತಂದು ಕೊಡುತ್ತಾಳೆ. ಡಬ್ಬಿಯಲ್ಲಿ ಕುದಿಸಿದ ತೊಗರಿಕಾಯಿ ಇವೆ, ಅವಳಿಗೂ ಕೊಡು, ಊಟ ಹಾಕದೆ ಕಳಿಸಬೇಡ.

ನನಗೆ ಸಿಟ್ಟು ಬಂದಿದೆ, ಮೊದಲೇ ಹೇಳಿಬಿಡುತ್ತೇನೆ. ಒಬ್ಬರ ಮೇಲಲ್ಲ, ಎಲ್ಲರ ಮೇಲೂ. ನಿನ್ನ ಅಪ್ಪ ನಂದಕಿಶೋರನನ್ನೇ ನೋಡು. ಊಟಕ್ಕೆ ಕುಳಿತಲ್ಲಿ ಫ್ರೆಂಚ್ ಆ್ಯಪ್ ಇದ್ದ ನಿನ್ನ ಫೋನು ಎತ್ತಿ ಹಿಡಿದು, "ಹತ್ತಕ್ಕ ಸೊನ್ನಿ ಕೊಟ್ಟದ ನೋಡವ್ವಾ, ಮಶೀನ್ ಸುಳ್ಳ ಹೇಳತದೇನು? ಸುಮ್ನ ಬಿ.ಎಡ್. ಮಾಡ್ಲಿ" ಎಂದ. ಅವನು ಎಷ್ಟು ಫ್ರೆಂಚ್ ಕಲಿತವನು? ಒಂದು ವರ್ಷ ನೀನು ಬಸ್ಸಿನಲ್ಲಿ ನಿಂತುಕೊಂಡೇ ಕಲಬುರಗಿಯ ಕ್ಲಾಸಿಗೆ ಹೋಗಿ ಬಂದೆ. ಪರದೇಶದಿಂದ ಬಂದವರಿಗೆ ಮಳಖೇಡದ ಕೋಟೆ, ಸನ್ನತಿಯ ಸ್ತೂಪ ಅವರದೇ ಭಾಷೆಯಲ್ಲಿ ತೋರಿಸುತ್ತೇನೆ ಎಂದು ಹಟ ಹಿಡಿದವಳು ನೀನು. ನಿನ್ನ ಉಚ್ಚಾರ ಸ್ವಚ್ಛವಾಗಿದೆ ಎಂದು ಕ್ಲಾಸಿನ ಮೇಡಂ ಎಲ್ಲರ ಮುಂದೆ ಹೇಳಿದ್ದರು. ಅವರ ಮಾತು ನಿನಗೆ ನೆನಪಿಲ್ಲ. ಅಭ್ಯಾಸಕ್ಕೆಂದು ತಿಂಗಳ ಹಿಂದೆ ಫೋನಿಗೆ ಹಾಕಿಕೊಂಡ ಆ್ಯಪ್ ಕೆಂಪು ಬಣ್ಣ ತೋರಿಸಿದ್ದೇ ತಡ, ಈ ಗುರುವಾರದ ಗೈಡ್ ಕೆಲಸದ ಮೌಖಿಕ ಪರೀಕ್ಷೆಗೇ ಹೋಗುವುದಿಲ್ಲ ಎಂದೆ. "ನನ್ನ ನಾಲಿಗೀನೇ ದಪ್ಪ ಅದ ಅಜ್ಜಿ" ಎಂದೆಯಲ್ಲ! ಐದು ವರ್ಷದವಳಿದ್ದಾಗ ಅಜ್ಜನ ಮುಂದೆ ಕುಳಿತು ಒಂದು ಅಕ್ಷರ ಎಡವದೆ ಸ್ತೋತ್ರ ಹೇಳಿದ ನಾಲಿಗೆ ಅದು.

ನೀನು ಗೂಡಿನಲ್ಲಿ ಬಿಟ್ಟುಹೋದ ಹಳೇ ಫೋನಿನಲ್ಲೂ ಆ ಆ್ಯಪ್ ಇತ್ತು. ನನ್ನ ಮೊಮ್ಮಗಳನ್ನು ಅಳಿಸಿದ್ದು ಯಾರು ಎಂದು ನೋಡೋಣವೆಂದು ನಾನೇ ತೆರೆದೆ. ಒಬ್ಬಳು ಜೇನಿನಂಥ ದನಿಯಲ್ಲಿ "ಪಾರ್ ಇಸೀ" ಎಂದಳು, ಈ ಕಡೆ ಬನ್ನಿ ಎಂದರ್ಥವಂತೆ. ಅವರ ರಕಾರ ಗಂಟಲಲ್ಲಿ ಕಫ ಸಿಕ್ಕಿಕೊಂಡ ಹಾಗೆ ಇದೆ, ಇರಲಿ, ಅವರ ಭಾಷೆ ಅವರಿಷ್ಟ. ನಾನೂ ಮರ್ಯಾದೆಯಿಂದ ಹೇಳಿದೆ. ಕೆಂಪು. ಮತ್ತೆ ಹೇಳಿದೆ. ಮತ್ತೆ ಕೆಂಪು. ತಪ್ಪು ಎಲ್ಲಿ ಎಂದು ಕೇಳಿದರೆ ಮತ್ತೆ ಪ್ರಯತ್ನಿಸಿ ಎಂದಷ್ಟೇ ಬರೆದು ತೋರಿಸುತ್ತದೆ. ನಿಮ್ಮ ಅಜ್ಜ ಎಷ್ಟೇ ಸಿಡುಕಿದರೂ ಯಾವ ಅಕ್ಷರ ಕೆಟ್ಟಿತು ಎಂದು ಬೆರಳು ಮಾಡಿ ತೋರಿಸುತ್ತಾರೆ. ತಪ್ಪು ಎಂದು ಮಾತ್ರ ಹೇಳಿ ಸುಮ್ಮನಾಗುವುದು ಎಂಥ ಗುರುತನ? ಸೀರೆಯ ಪದರ ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಜೊತೆ ಜಗಳಕ್ಕೇ ನಿಂತೆ.

ನಿನ್ನ ಛತ್ರಿ ಕೊಡಲು ಚಿತ್ತಾಪುರದಿಂದ ನಿನ್ನೆ ಬಂದ ಲುಂಬಿನಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದಾಳೆ. ನಕ್ಕು ನಕ್ಕು ಸಾಕಾದ ಮೇಲೆ, "ಅಜ್ಜೀ, ಆಕಿ ಒಂದ್ಸಲ ಅಂದ್ರ ನೀವು ಎರಡೆರಡ್ ಸಲ ಯಾಕ ಅನ್ನಾಕತ್ತೀರಿ?" ಎಂದು ಕೇಳಿದಳು. ನಾನು ಕಣ್ಣು ಬಿಟ್ಟೆ. ನಮ್ಮ ಮನೆಯಲ್ಲಿ ಇನ್ನು ಹೇಗೆ ಅನ್ನಬೇಕು? ಸಂಥಿ ಎಂದರೆ ಅಜ್ಜ ಸ್ತೋತ್ರದ ಸಾಲನ್ನು ಒಂದು ಸಲ ಹೇಳುವುದು, ಕಲಿಯುವವರು ಎರಡು ಸಲ ಅನ್ನುವುದು. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಪಡಸಾಲೆಯಲ್ಲಿ ಅದನ್ನೇ ಕೇಳಿದ್ದೇನೆ. "ಹಂಗಂದ್ರ ಆ ಮಶೀನಿಗಿ ಎಲ್ಲಾ ಕಲಬೆರಕಿ ಆಗತದ, ಒಂದೇ ಸಲ ಅಂದು ಸುಮ್ಕಾಗ್ರಿ" ಎಂದಳು. ಹಾಗೇ ಮಾಡಿದೆ. ಹಸಿರು ಬಂತು, ಪದ್ಮಜಾ. ಕಟ್ಟಿಸಿಕೊಂಡ ಹಲ್ಲಿನ ನಿನ್ನ ಅಜ್ಜಿಗೆ ಹಸಿರು ಬಂತು. ಆಗ ನೆನಪಾಯಿತು, ನೀನು ಮಾಳಿಗೆಯ ಮೇಲೆ ಕಣ್ಣು ಮುಚ್ಚಿ ಪ್ರತಿಯೊಂದು ವಾಕ್ಯವನ್ನೂ ಎರಡು ಸಲ ಅನ್ನುತ್ತಿದ್ದೆ. ನನಗೆ ಅದು ಸರಿಯಾಗಿಯೇ ಕೇಳಿಸುತ್ತಿತ್ತು. ಮಾಳಿಗೆಗೆ ಬಂದಾಗೆಲ್ಲ ಲುಂಬಿನಿಯೂ ಕೇಳಿದ್ದಾಳೆ, ಬಾಯಿಪಾಠ ಮಾಡುತ್ತಿದ್ದೀ ಎಂದುಕೊಂಡಿದ್ದಳಂತೆ.

ಇಷ್ಟಕ್ಕೆ ನೀನು ವರ್ಷದ ಓದನ್ನು ಬಿಟ್ಟು ಎದ್ದುಹೋದೆಯಾ? ಆ್ಯಪಿಗೆ ನಮ್ಮ ಮನೆಯ ರೀತಿ ಗೊತ್ತಿಲ್ಲ, ಅದರ ಮೇಲೆ ಎಷ್ಟು ಸಿಟ್ಟು ಮಾಡಲಿ? ನೀನು ಈ ಮನೆಯವಳು. ನಿನ್ನ ನಾಲಿಗೆ ಎಂಥದು ಎಂದು ಅಂಗೈಯಗಲದ ಡಬ್ಬಿಯನ್ನು ಕೇಳಲು ಹೋದೆಯಲ್ಲ, ಅದು ನನಗೆ ತಡೆಯಲಾಗದ ಸಿಟ್ಟು. ಎರಡು ಸಲ ಅನ್ನುವುದು ತಪ್ಪಲ್ಲ. ಮಾಳಿಗೆಯ ಮೇಲೆ ಹತ್ತು ಸಲ ಅನ್ನು, ಫೋನಿನ ಮುಂದೆ ಒಂದೇ ಸಲ ಅನ್ನು. ಗುರುವಾರ ನಿನ್ನೆದುರು ಕೂರುವವರು ಮನುಷ್ಯರು, ಅವರಿಗೆ ಕಿವಿಯಿದೆ. ಪರೀಕ್ಷೆಯ ಪಟ್ಟಿಯಿಂದ ನಿನ್ನ ಹೆಸರು ತೆಗೆಸಲು ಹೊರಟ ನಂದಕಿಶೋರನನ್ನು ನಾನೇ ತಡೆದಿದ್ದೇನೆ, ಮುಖ ದಪ್ಪ ಮಾಡಿಕೊಂಡು ಓಡಾಡುತ್ತಿದ್ದಾನೆ, ಓಡಾಡಲಿ.

ಮಾಮಾ ಮಾಮಿಗೆ ನನ್ನ ನೆನಕೆ ತಿಳಿಸು. ಆ ದೇವರು ನಿನಗೆ ಒಳ್ಳೆಯ ಆರೋಗ್ಯವನ್ನೂ ಅದಕ್ಕಿಂತ ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ಸಿಟ್ಟಿನಲ್ಲೂ ನಿನ್ನವಳೇ ಆದ
ಅಜ್ಜಿ

ತಾ.ಕ.: ರಾತ್ರಿ ಇಲ್ಲೇ ಉಳಿದ ಲುಂಬಿನಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಈ ಸಂಗತಿ ಅಜ್ಜನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. "ಹಂಗಾರ ಕೂಸಿನ ಬಾಯಿ ಕೆಡಿಸಿದ್ದು ನನ್ನ ಸಂಥೀನೇ ಅಂದಂಗಾಯ್ತು" ಎಂದವರು ಸಂಜೆ ಪಾಠಕ್ಕೆ ಬಂದ ಮಕ್ಕಳನ್ನು ವಾಪಸು ಕಳಿಸಿದರು. ಇಂದೂ ಪಾಠದ ಚಾಪೆ ಹಾಸಿಲ್ಲ. ನಾನು ಹೇಳಿದರೆ ಕೇಳುವುದಿಲ್ಲ. ಬುಧವಾರವೇ ಬಂದುಬಿಡು, ಪರೀಕ್ಷೆಗೆ ಇಲ್ಲಿಂದಲೇ ಹೋಗುವೆಯಂತೆ. ಬಂದವಳೇ ನೀನೇ ಚಾಪೆ ಹಾಸು, ಅವರ ಎದುರು ಗುರುವಿನ ಹಾಗೆ ಕುಳಿತು "ಪಾರ್ ಇಸೀ" ಎಂದು ಒಂದು ಸಲ ಅನ್ನು. ಎರಡು ಸಲ ತಿರುಗಿ ಅನ್ನದೆ ಅವರಿಗೆ ಇರಲಾಗುವುದಿಲ್ಲ.