ಇಪ್ಪತ್ತೆರಡು ಎಡ ಮಂಡಿಗಳು

ಮಾರ್ಚ್ ೯, ಭಾನುವಾರ

ನನ್ನ ಗುಬ್ಬಿ,

ನೀನು ಕಳಿಸಿದ ಮಂಡಿಪಟ್ಟಿ ತಲುಪಿತು. ಪಕ್ಕದ ಮನೆಯಾಕೆ ಅದನ್ನು ಎಳೆದೆಳೆದು ನೋಡಿ, ಮಗಳು ಅಂದ್ರೆ ಹೀಗಿರಬೇಕು ಅಂದಳು. ಜೊತೆಗಿದ್ದ ಚೀಟಿಯಲ್ಲಿ 'ಚೆನ್ನಾಗಿದ್ದೇನೆ, ಕೆಲಸವೂ ಚೆನ್ನಾಗಿದೆ' ಎಂದಿತ್ತು. ಅದನ್ನು ನಾಲ್ಕು ಸಲ ಓದಿದೆ. ಯಾಕೆಂದು ಹೇಳುತ್ತೇನೆ, ಮೊದಲು ನಮ್ಮ ಲಾಂಡ್ರಿಯಲ್ಲಿ ನಡೆದದ್ದು ಕೇಳು. ನಗು ಬಂದರೆ ನಕ್ಕುಬಿಡು.

ನಮ್ಮ ಆಸ್ಪತ್ರೆಗೆ ಹೊಸದಾಗಿ ಒಬ್ಬಳು ಅಧಿಕಾರಿ ಬಂದಿದ್ದಾಳೆ. ಕೆಲಸಗಾರರ ಮನಸ್ಸು ಹೇಗಿದೆ ಎಂದು ವಿಚಾರಿಸುವುದೇ ಅವಳ ಕೆಲಸವಂತೆ. ಕ್ಷೇಮದ ಮೇಡಂ ಎಂದು ಹೆಸರಿಟ್ಟೆವು. ಈ ಇಪ್ಪತ್ತಾರು ವರ್ಷದಲ್ಲಿ ಚಾದರ ಬೆಳ್ಳಗಾಯಿತೇ ಎಂದು ಕೇಳಿದವರುಂಟು, ಒಗೆದವಳು ಹೇಗಿದ್ದಾಳೆ ಎಂದು ಕೇಳಿದವರಿಲ್ಲ. ಇವಳಿಗೆ ನಮ್ಮಿಂದ ಏನು ಬೇಕಿರಬಹುದು ಎಂದು ನನಗೆ ಒಂದೇ ಕುತೂಹಲ.

ಎಲ್ಲರಿಗೂ ಎರಡು ಪುಟದ ಫಾರಂ ಕೊಟ್ಟಳು. ನಿದ್ದೆ ಬರುತ್ತದೆಯೇ, ಅಳು ಬರುತ್ತದೆಯೇ, ಕೆಲಸಕ್ಕೆ ಬರಲು ಮನಸ್ಸಾಗುತ್ತದೆಯೇ, ಮೈಯಲ್ಲಿ ಏನು ತೊಂದರೆ, ಇಂಥವು. ಹೆಸರು ಬರೆಯುವಂತಿಲ್ಲ. ಹಿರಿಯಳಲ್ಲವೇ, ಎಲ್ಲರಿಗೂ ದೊಡ್ಡಕ್ಕ, ನಾನೇ ಮೊದಲು ತುಂಬಿ ಇಸ್ತ್ರಿ ಮೇಜಿನ ಮೇಲಿಟ್ಟೆ. ನಿದ್ದೆ ಚೆನ್ನಾಗಿದೆ, ಅಳು ಇಲ್ಲ, ಎಡ ಮಂಡಿ ನೋವು. ದೊಡ್ಡಕ್ಕ ಬರೆದದ್ದು ತಪ್ಪಿರಲಾರದು ಎಂದು ಮಿಕ್ಕವರೆಲ್ಲ ಅದನ್ನೇ ಇಳಿಸಿಕೊಂಡರು.

ಮೂರನೆಯ ದಿನ ಮೇಡಂ ಫಾರಂಗಳನ್ನು ಎದೆಗವಚಿಕೊಂಡು ಬಂದಳು. ಸಿಟ್ಟಿರಲಿಲ್ಲ. ಇಪ್ಪತ್ತೆರಡು ಜನಕ್ಕೂ ಎಡ ಮಂಡಿಯೇ ಯಾಕೆ ನೋಯುತ್ತೆ, ಇಲ್ಲಿ ನೆಲ ಏನಾದ್ರೂ ಓರೆಯಾಗಿದೆಯಾ ಎಂದು ಕೇಳಿ, ನಿಜವಾಗಿಯೂ ಬಗ್ಗಿ ನೆಲ ನೋಡಿದಳು. ಆಮೇಲೆ ಪುಟ ತಿರುವಿ, ಇಪ್ಪತ್ತೆರಡು ಜನಕ್ಕೂ ಮುಟ್ಟು ನಿಂತು ಆರು ವರ್ಷ ಆಯ್ತು ಅಂತಿದೆಯಲ್ಲ ಎಂದಳು. ಗಾಡಿ ತಳ್ಳುವ ಮೀಸೆಯಣ್ಣ ಮೆಲ್ಲಗೆ ಸೋಪಿನ ಕೋಣೆಗೆ ಜಾರಿಕೊಂಡ. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ನಗದೇ ಇದ್ದವಳು ಒಬ್ಬಳೇ, ಮಾತಿನಮಲ್ಲಿ. ದೊಡ್ಡ ಚಾದರ ಮಡಿಸಲು ಇಬ್ಬರು ಬೇಕು. ದಿನವೂ ಒಂದು ತುದಿ ನನ್ನದು, ಇನ್ನೊಂದು ತುದಿ ಅವಳದು. ಬಾಯಿಗೆ ಬೀಗವೇ ಇಲ್ಲದ ಆ ಹುಡುಗಿ ಮೂರು ತಿಂಗಳಿಂದ ತುಟಿಪಿಟಕ್ ಅಂದಿರಲಿಲ್ಲ. ಸದ್ಯ, ಕಿವಿಗೆ ಬಿಡುವು ಸಿಕ್ಕಿತು ಎಂದುಕೊಂಡಿದ್ದೆ ನಾನು.

ಮೇಡಂ ಫಾರಂ ಬದಿಗಿಟ್ಟು, ನನಗೂ ಮಡಿಸೋದು ಕಲಿಸಿ ಅಂದಳು. ದಿನಕ್ಕೊಬ್ಬರ ಎದುರು ನಿಂತು ಚಾದರ ಹಿಡಿದಳು. ಅದರ ಗುಟ್ಟು ನನಗೆ ಆಗಲೇ ಹೊಳೆದದ್ದು. ಮಡಿಸುವಾಗ ಮುಖ ನೋಡಬೇಕಿಲ್ಲ, ಅಂಚು ನೋಡಿದರೆ ಸಾಕು. ಕೈ ಕೆಲಸದಲ್ಲಿದ್ದರೆ ಬಾಯಿ ತಾನಾಗಿ ಬಿಡುತ್ತದೆ. ಮಾತಿನಮಲ್ಲಿಯ ಸರದಿ ಬಂದಾಗ ಏಳನೆಯ ಚಾದರಕ್ಕೆ ಅವಳು ಬಾಯಿಬಿಟ್ಟಳು. ಗೇಟಿನ ಹತ್ತಿರ ಬಂದರೆ ಎದೆ ಡವಡವ ಅನ್ನುತ್ತೆ, ರಕ್ತದ ಬಟ್ಟೆಯ ಮೂಟೆ ಬಿಚ್ಚೋಕೆ ಕೈ ಬರಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನ್ನಿಸಿದ್ದೂ ಇದೆ ಎಂದಳು. ಮತ್ತೆ ಚೆನ್ನಾಗಿದೀನಿ ಅಂತ ಯಾಕೆ ಬರೆದೆ ಎಂದು ಮೇಡಂ ಕೇಳಿದರೆ, ದೊಡ್ಡಕ್ಕನೇ ಹಾಗೆ ಬರೆದಿದ್ರು, ನಂದೊಂದೇ ಬೇರೆ ಇದ್ರೆ ಹೇಗೆ ಅಂದಳು. ಪಕ್ಕದ ಮೇಜಿನಲ್ಲಿದ್ದ ನನಗೆ ಎಲ್ಲವೂ ಕೇಳಿಸಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಈಗ ಅವಳು ಮನಸ್ಸಿನ ಡಾಕ್ಟರನ್ನು ನೋಡುತ್ತಿದ್ದಾಳೆ. ಮೇಡಂ ರಜೆ ಕೊಡಿಸಿದಳು. ಅವಳೊಬ್ಬಳ ತಲೆಗೇ ಕಟ್ಟಿದ್ದ ಮೂಟೆ ಬಿಚ್ಚುವ ಕೆಲಸ ಈಗ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ. ನಿನ್ನೆ ನಮ್ಮನ್ನು ನೋಡಲು ಬಂದವಳು ಎರಡು ಮಾತು ಜಾಸ್ತಿಯೇ ಆಡಿದಳು. ಆ ವಟವಟ ಕೇಳಿ ಎಷ್ಟು ಹಿತವಾಯಿತು ಗೊತ್ತೇ!

ಗುಬ್ಬಿ, 'ಕೈ ಬರಲ್ಲ' ಎಂಬ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಕಳೆದ ವರ್ಷ ನೀನೇ ಬರೆದಿದ್ದೆ. ದಿನವಿಡೀ ಫೋನಿನಲ್ಲಿ ಜನರ ಬೈಗುಳ ಕೇಳಿ ಕೇಳಿ, ಬೆಳಿಗ್ಗೆ ಅದನ್ನು ಎತ್ತಲು ಕೈಯೇ ಬರುವುದಿಲ್ಲ ಎಂದು. ದುಡಿಯುವವರಿಗೆಲ್ಲ ಇದೇ ಪಾಡು, ಹೊಂದಿಕೊಂಡು ಹೋಗು ಎಂದು ನಾನು ಒಂದೇ ಸಾಲು ಬರೆದು ಹಾಕಿದೆ. ಅಂದಿನಿಂದ ನಿನ್ನ ಪತ್ರಗಳಲ್ಲೆಲ್ಲ ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ. ನೀನೂ ನನ್ನದನ್ನೇ ಇಳಿಸಿಕೊಂಡೆಯೇನೇ? ತಪ್ಪು ನನ್ನದು, ಮಗಳೇ.

ಇದರೊಳಗೆ ಒಂದು ಖಾಲಿ ಫಾರಂ ಇಟ್ಟಿದ್ದೇನೆ. ಯಾರದನ್ನೂ ನೋಡದೆ ತುಂಬು. ಅಂಚೆಗೆ ಹಾಕಬೇಡ, ಹಿಡಿದುಕೊಂಡು ನೀನೇ ಬಾ. ಮನೆಯಲ್ಲೂ ಮಡಿಸದ ಚಾದರಗಳು ಬೇಕಾದಷ್ಟು ಬಿದ್ದಿವೆ, ಇನ್ನೊಂದು ತುದಿ ಹಿಡಿಯುವವರಿಲ್ಲ.

ನಿನ್ನ ದಾರಿ ಕಾಯುವ
ಅಮ್ಮ

ತಾ.ಕ.: ಮಂಡಿಪಟ್ಟಿಯನ್ನು ಪಕ್ಕದ ಮನೆಯಾಕೆಗೆ ಕೊಟ್ಟುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ಮಂಡಿಗೆ ಏನೂ ಆಗಿಲ್ಲ, ಎಂದೂ ಆಗಿರಲಿಲ್ಲ, ನೋವೆಂದು ನಿನಗೆ ಬರೆದದ್ದೂ ಸುಳ್ಳು. ನಿನಗೆ ಆ ಒಂದು ಸಾಲು ಬರೆದ ಮೇಲೆ, ಕೆಲಸದ ನಡುವೆ ಇದ್ದಕ್ಕಿದ್ದಂತೆ ಅಳು ಒತ್ತರಿಸಿ ಬಂದು ಕೂತುಬಿಡುತ್ತಿದ್ದೆ. ಯಾಕೆ ಕೂತೆ ಎಂದು ಕೇಳಿದವರಿಗೆಲ್ಲ ಮಂಡಿ ತೋರಿಸಿದೆ.